ಕೊಂಡದ್ದು ಮತ್ತು ಕಾಪಾಡಿದ್ದು: ಜೀವವಿಜ್ಞಾನ ವಿಭಾಗದ ಆಸ್ತಿಯ ಲೆಕ್ಕ

ವಿಶ್ವವಿದ್ಯಾನಿಲಯದ ಜೀವವಿಜ್ಞಾನ ವಿಭಾಗಗಳು ತಮ್ಮ ಬೆಳವಣಿಗೆಯನ್ನು ಹೇಳಿಕೊಳ್ಳುವ ರೀತಿ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಮೌಲ್ಯಮಾಪನಕ್ಕೆ ನ್ಯಾಕ್ ತಂಡ ಬರುವ ಮುನ್ನ ಸಿದ್ಧವಾಗುವ ವರದಿಯನ್ನು ತೆರೆದರೆ ಮೊದಲು ಕಟ್ಟಡದ ವಿಸ್ತೀರ್ಣ, ಆಮೇಲೆ ಪ್ರಯೋಗಾಲಯಗಳ ಸಂಖ್ಯೆ, ಅದಾದ ಮೇಲೆ ಯಂತ್ರಗಳ ಪಟ್ಟಿ: ಪಿಸಿಆರ್, ಶೀತಲ ಸೆಂಟ್ರಿಫ್ಯೂಜ್, ಫ್ಲೋರೆಸೆನ್ಸ್ ಮೈಕ್ರೋಸ್ಕೋಪ್, ಮೈನಸ್ 80 ಡಿಗ್ರಿಯ ಫ್ರೀಜರ್. ಪ್ರತಿಯೊಂದರ ಎದುರಿಗೂ ಖರೀದಿಯ ವರ್ಷ ಮತ್ತು ಬೆಲೆ. ಇದು ಕೊಂಡ ವಸ್ತುಗಳ ಲೆಕ್ಕ. ಸುಳ್ಳಲ್ಲ, ಬೇಡದ್ದೂ ಅಲ್ಲ. ಆದರೆ ಇಂಥ ವಿಭಾಗಕ್ಕೆ ಇನ್ನೊಂದು ಬಗೆಯ ಆಸ್ತಿ ಇರುತ್ತದೆ. ಅದನ್ನು ಟೆಂಡರ್ ಕರೆದು ತರಿಸಲು ಬರುವುದಿಲ್ಲ. ಭರಣಿಯಲ್ಲಿ ಕೂಡಿಟ್ಟ ಪ್ರಾಣಿ, ಹಾಳೆಗೆ ಅಂಟಿಸಿದ ಗಿಡ, ಬಾಟಲಿಯೊಳಗೆ ಪೀಳಿಗೆಯಿಂದ ಪೀಳಿಗೆಗೆ ಸಾಗಿಬಂದ ನೊಣ, ಒಂದೇ ಕೆರೆಯನ್ನು ವರ್ಷಾನುಗಟ್ಟಲೆ ನೋಡಿ ಬರೆದಿಟ್ಟ ದಾಖಲೆ, ಇವೆಲ್ಲ ಆ ಆಸ್ತಿ. ವಿಭಾಗದ ಯೋಗ್ಯತೆಯನ್ನು ಅಳೆಯಬೇಕಾದ್ದು ಈ ಎರಡನೆಯ ಲೆಕ್ಕದಿಂದ, ಮೊದಲನೆಯದು ಇದಕ್ಕೆ ಸೇವಕ ಮಾತ್ರ ಎಂಬುದು ಈ ಉಪನ್ಯಾಸದಲ್ಲಿ ನಾನು ಸಾಧಿಸಲು ಹೊರಟಿರುವ ವಾದ. ಇದಕ್ಕೆ ದೂರ ಹೋಗಬೇಕಾಗಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರದ ಚರಿತ್ರೆಯಲ್ಲೇ ವಾದದ ಎರಡು ಮುಖಗಳಿಗೂ ಸಾಕ್ಷ್ಯ ಸಿಗುತ್ತದೆ.

ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರ ಜುಲೈಯಲ್ಲಿ. ಭಾರತೀಯ ಪ್ರಾಣಿವಿಜ್ಞಾನ ಸರ್ವೇಕ್ಷಣೆ ಕಲ್ಕತ್ತೆಯಲ್ಲಿ ಶುರುವಾದದ್ದೂ ಅದೇ ತಿಂಗಳು; ಬರೀ ಕಾಕತಾಳೀಯ, ಆದರೂ ನೆನಪಿಡತಕ್ಕದ್ದು. ಆಗ ವಿಜ್ಞಾನದ ಬೋಧನೆಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜೇ ನೆಲೆ. ಅಲ್ಲಿ ಪ್ರಾಣಿಶಾಸ್ತ್ರವನ್ನು ಕಟ್ಟಿದವರು ಸಿ.ಆರ್. ನಾರಾಯಣರಾಯರು. 1932ರಲ್ಲಿ ಹೊರಟ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೆಂದು ಅವರನ್ನು ಬಲ್ಲವರು ಹಲವರು; ಕಪ್ಪೆಗಳ ವಿದ್ವಾಂಸರೆಂದು ಬಲ್ಲವರು ಕಡಿಮೆ. ಪಶ್ಚಿಮಘಟ್ಟದ ಕಪ್ಪೆಗಳ ಬಗ್ಗೆ 1937ರಲ್ಲಿ ಅವರು ಭಾರತೀಯ ವಿಜ್ಞಾನ ಅಕಾಡೆಮಿಯ ಪ್ರೊಸೀಡಿಂಗ್ಸ್‌ನಲ್ಲಿ ಒಂದು ದೊಡ್ಡ ಲೇಖನ ಪ್ರಕಟಿಸಿ, ಹಲವು ಹೊಸ ಜಾತಿಗಳಿಗೆ ಹೆಸರಿಟ್ಟರು. ಕೊಟ್ಟಿಗೆಹಾರದಲ್ಲಿ ಸಿಕ್ಕ ಪುಟ್ಟ ಕಪ್ಪೆ ‘ಕೊಟ್ಟಿಗೆಹಾರೆನ್ಸಿಸ್’ ಆಯಿತು. ಕೆಂಪುಹೊಳೆಯ ಕಾಡಿನದು ‘ಕೆಂಫೋಲೆಯೆನ್ಸಿಸ್’. ಮಲೆನಾಡಿನ ಊರು, ಹೊಳೆಗಳ ಹೆಸರು ಲ್ಯಾಟಿನ್ ವೇಷ ತೊಟ್ಟು ಪ್ರಪಂಚದ ವೈಜ್ಞಾನಿಕ ಪಟ್ಟಿಗೆ ಸೇರಿದ್ದು ಹೀಗೆ.

ಹೊಸ ಜಾತಿಗೆ ಹೆಸರಿಡುವವರು ಒಂದು ಮಾದರಿಯನ್ನು ಆ ಹೆಸರಿನ ಆಧಾರವೆಂದು ಗೊತ್ತುಮಾಡುತ್ತಾರೆ. ಟೈಪ್ ಮಾದರಿ ಎನ್ನುವುದು ಇದನ್ನೇ. ಬರೆದ ವರ್ಣನೆಯಲ್ಲಿ ಅಸ್ಪಷ್ಟತೆ ಇದ್ದರೆ, ಚಿತ್ರ ಸರಿಯಿಲ್ಲದಿದ್ದರೆ, ನೂರು ವರ್ಷದ ಮೇಲೂ ಭರಣಿಯ ಮುಚ್ಚಳ ತೆಗೆದು ನೋಡಿದರೆ ಜಗಳ ತೀರುತ್ತದೆ. ನಾರಾಯಣರಾಯರ ಟೈಪ್ ಮಾದರಿಗಳು ಸೆಂಟ್ರಲ್ ಕಾಲೇಜಿನ ಸಂಗ್ರಹದಲ್ಲಿದ್ದವು. ಇಂದಿನ ವರ್ಗೀಕರಣ ಗ್ರಂಥಗಳು ಆ ಸಂಗ್ರಹದ ಹೆಸರಿನ ಮುಂದೆ ‘ಈಗ ಕಳೆದುಹೋಗಿದೆ’ ಎಂದು ದಾಖಲಿಸುತ್ತವೆ. ಯಾರ ತಪ್ಪು, ಯಾವ ವರ್ಷ ಎಂಬುದು ಇಲ್ಲಿ ಮುಖ್ಯವಲ್ಲ. ಪರಿಣಾಮ ಮುಖ್ಯ. ಹೆಸರುಗಳು ಉಳಿದವು, ಆ ಹೆಸರು ಯಾವ ಕಪ್ಪೆಯದು ಎಂದು ತೋರಿಸುವ ಕಪ್ಪೆ ಉಳಿಯಲಿಲ್ಲ. ಘಟ್ಟದ ಕಪ್ಪೆಗಳು ನೋಡಲು ಒಂದರಂತೆ ಒಂದಿದ್ದು ಒಳಗೆ ಬೇರೆಯಾಗಿರುವಂಥವು. ಆದ್ದರಿಂದ ರಾಯರು ಹೇಳಿದ್ದು ಯಾವುದನ್ನು ಎಂದು ತೀರ್ಮಾನಿಸಲು ಮುಂದಿನ ಸಂಶೋಧಕರು ಮತ್ತೆ ಅದೇ ಊರುಗಳಿಗೆ, ಅದೇ ಹಳ್ಳಗಳಿಗೆ ಹೋಗಿ ಹುಡುಕಬೇಕಾಯಿತು. 2014ರಲ್ಲಿ ಎಸ್.ಡಿ. ಬಿಜು ಮತ್ತು ಸಂಗಡಿಗರು ಕುಣಿಯುವ ಕಪ್ಪೆಗಳ ಮೈಕ್ರಿಕ್ಸಾಲಸ್ ಕುಲವನ್ನು ಪರಿಷ್ಕರಿಸಿ 14 ಹೊಸ ಜಾತಿಗಳನ್ನು ಸೇರಿಸಿದಾಗ, ಹಳೆಯ ಹೆಸರುಗಳ ಗೋಜಲು ಬಿಡಿಸುವುದು ಹೊಸ ಹೆಸರಿಡುವುದಕ್ಕಿಂತ ಹಗುರವಾದ ಕೆಲಸವೇನೂ ಆಗಿರಲಿಲ್ಲ. ಗಂಡು ಕಪ್ಪೆ ಝರಿಯ ಬಂಡೆಯ ಮೇಲೆ ಕೂತು ಹಿಂಗಾಲನ್ನು ಚಾಚಿ ಬೀಸುವ ಆ ಕುಲದಲ್ಲೇ ಕೊಟ್ಟಿಗೆಹಾರದ ಕಪ್ಪೆಯೂ ಇದೆ. ಪೊದೆಗಪ್ಪೆಗಳ ಒಂದು ಇಡೀ ಕುಲಕ್ಕೆ 2010ರಲ್ಲಿ ‘ರಾವೋರ್ಕೆಸ್ಟಿಸ್’ ಎಂದು ರಾಯರ ಹೆಸರನ್ನೇ ಇಟ್ಟರು. ಗೌರವ ಸಂದಿತು, ಸಂತೋಷ. ಅವರ ಭರಣಿಗಳು ಇದ್ದಿದ್ದರೆ ವಿಜ್ಞಾನಕ್ಕೆ ಅದಕ್ಕಿಂತ ಹೆಚ್ಚಿನ ಉಪಕಾರವಾಗುತ್ತಿತ್ತು.

ಈಗ ಮೈಸೂರಿನ ಕಡೆಗೆ ಬರೋಣ. 1960ರ ದಶಕದಲ್ಲಿ ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣ ನೆಲೆಯೂರಿದ ಮೇಲೆ ಅಲ್ಲಿನ ಪ್ರಾಣಿಶಾಸ್ತ್ರ ವಿಭಾಗ ಹಿಡಿದ ಹಾದಿ ಡ್ರೊಸೊಫಿಲ ನೊಣದ ತಳಿಶಾಸ್ತ್ರ. ಬಾಳೆಹಣ್ಣಿನ ಮೇಲೆ ಮುತ್ತುವ ಆ ಸಣ್ಣ ನೊಣವನ್ನು ಸಾಕಲು ಏನು ಬೇಕು? ಒಂದು ಲೀಟರ್ ನೀರಿಗೆ 100 ಗ್ರಾಂ ಬೆಲ್ಲ, 100 ಗ್ರಾಂ ರವೆ, 10 ಗ್ರಾಂ ಅಗರ್. ಕುದಿಸಿ ಗಟ್ಟಿಯಾಗುವ ಮುನ್ನ ಬೂಷ್ಟು ಹಿಡಿಯದಂತೆ 7.5 ಮಿಲಿಲೀಟರ್ ಪ್ರೊಪಿಯಾನಿಕ್ ಆಮ್ಲ. ಬಾಟಲಿಗಳಿಗೆ ಬಿಸಿಬಿಸಿಯಾಗಿ ಹೊಯ್ದು, ಆರಿದ ಮೇಲೆ ಯೀಸ್ಟ್ ಹಾಕಿ, ನೊಣ ಬಿಟ್ಟು, ಹತ್ತಿಯ ಬಿರಡೆ ಒತ್ತಿದರೆ ಆಯಿತು. ಹೆಚ್ಚುಕಡಿಮೆ ಕೇಸರಿಬಾತಿನ ಸಾಮಾನು ಎಂದು ವಿದ್ಯಾರ್ಥಿಗಳಿಗೆ ಅನ್ನಿಸಿದರೆ ತಪ್ಪಲ್ಲ. ಅಮೆರಿಕದ ಪ್ರಯೋಗಾಲಯಗಳಲ್ಲಿ ಜೋಳದ ಹಿಟ್ಟು ಬಳಸುವ ಕಡೆ ಮೈಸೂರಿನವರು ರವೆ ಬಳಸಿದರು. ಬಾಟಲಿಯೊಳಗೆ ಮೊಟ್ಟೆ, ಮರಿಹುಳು, ಕೋಶ ದಾಟಿ ಹೊಸ ನೊಣ ಹೊರಬರಲು ಎರಡು ವಾರದಷ್ಟು ಸಮಯ. ಮೂರು ನಾಲ್ಕು ವಾರಕ್ಕೊಮ್ಮೆ ಹೊಸ ಬಾಟಲಿಗೆ ಬದಲಿಸಲೇಬೇಕು. ಇಲ್ಲದಿದ್ದರೆ ಮಾಧ್ಯಮ ಒಣಗುತ್ತದೆ, ಇಲ್ಲವೇ ನುಸಿ ಹಿಡಿದು ಸ್ಟಾಕ್ ಸಾಯುತ್ತದೆ. ಚೀಟಿ ಬದಲಾದರೆ, ಒಂದು ಬಾಟಲಿಯ ನೊಣ ಇನ್ನೊಂದಕ್ಕೆ ಹಾರಿದರೆ, ವರ್ಷಗಳ ಕೆಲಸ ಅಲ್ಲಿಗೇ ಮುಗಿಯಿತು. ಈ ದುಡಿಮೆ ತಪ್ಪದೆ ನಡೆದದ್ದರಿಂದಲೇ ಮೈಸೂರಿನಲ್ಲಿ ರಾಷ್ಟ್ರಮಟ್ಟದ ಡ್ರೊಸೊಫಿಲ ಸ್ಟಾಕ್ ಕೇಂದ್ರ ಬೆಳೆದು, ಬೇರೆ ವಿಶ್ವವಿದ್ಯಾನಿಲಯಗಳಿಗೂ ತಳಿಗಳನ್ನು ಒದಗಿಸುವಂತಾಯಿತು.

ಆ ಬಾಟಲಿಗಳಿಂದ ಹೊರಬಂದ ಒಂದು ಸಂಗತಿ ಜಗತ್ತಿನ ಯಾವ ವಿಭಾಗವೂ ಹೆಮ್ಮೆಪಡುವಂಥದ್ದು. ನಸುಟ ಮತ್ತು ಅಲ್ಬೊಮಿಕಾನ್ಸ್ ಎಂಬುವು ಹತ್ತಿರದ ಸಂಬಂಧಿ ನೊಣಗಳು. ಮೊದಲನೆಯದಕ್ಕೆ 8 ವರ್ಣತಂತು, ಎರಡನೆಯದಕ್ಕೆ 6. ಅಲ್ಬೊಮಿಕಾನ್ಸ್‌ನಲ್ಲಿ ಮೂರನೆಯ ವರ್ಣತಂತು ಲಿಂಗವರ್ಣತಂತುಗಳ ಜೊತೆ ಬೆಸೆದುಕೊಂಡಿದೆ. ಕೊಡಗಿನ ನಸುಟ ತಳಿಯನ್ನೂ ಥಾಯ್ಲೆಂಡ್, ಒಕಿನಾವಾಗಳ ಅಲ್ಬೊಮಿಕಾನ್ಸ್ ತಳಿಗಳನ್ನೂ ಕೂಡಿಸಿ, ಬೆರಕೆಯ ಸಂತಾನವನ್ನು ಪೀಳಿಗೆಯ ಮೇಲೆ ಪೀಳಿಗೆ ಸಾಕುತ್ತ ಹೋದಾಗ ಎಚ್.ಎ. ರಂಗನಾಥ್ ಮತ್ತು ಎನ್.ಬಿ. ರಾಮಚಂದ್ರ ಕಂಡದ್ದು, ಮೊದಲಿನ ಗೊಂದಲ ಅಡಗಿ ಹೊಸ ವರ್ಣತಂತು ವಿನ್ಯಾಸಗಳು ನೆಲೆಗೊಳ್ಳುವುದನ್ನು. 1986ರಲ್ಲಿ ‘ಕ್ರೊಮೊಸೋಮ’ ಪತ್ರಿಕೆಯಲ್ಲಿ ಈ ಮರುಹೊಂದಾಣಿಕೆಯ ವರದಿ ಬಂತು. ಹೀಗೆ ನೆಲೆಗೊಂಡ ಹೊಸ ತಳಿಗಳಿಗೆ ‘ಸೈಟೊರೇಸ್’ ಎಂದು ಹೆಸರು. ಮೊದಲನೆಯದರಲ್ಲಿ ಗಂಡಿಗೆ 7 ವರ್ಣತಂತು, ಹೆಣ್ಣಿಗೆ 6! ಮುಂದೆ ಇಂಥ ಸೈಟೊರೇಸ್‌ಗಳು ಹದಿನಾರಾದವು. ಎರಡು ಬಗೆಯ ಜೀವಿಗಳು ಬೆರೆತು ಮೂರನೆಯದೊಂದು ರೂಪುಗೊಳ್ಳುವ, ಕಾಡಿನಲ್ಲಿ ಯಾರ ಕಣ್ಣಿಗೂ ಬೀಳದೆ ನಡೆಯುವ ಬದಲಾವಣೆಯನ್ನು ಇಲ್ಲಿ ಬಾಟಲಿಯಲ್ಲಿ ಹೆಜ್ಜೆಹೆಜ್ಜೆಗೂ ನೋಡಬಹುದಾಗಿತ್ತು. ಇದಕ್ಕೆ ಬೇಕಾದ ಯಂತ್ರ ಸಾಧಾರಣ ಮೈಕ್ರೋಸ್ಕೋಪು. ಬೇಕಾದ ಸೌಲಭ್ಯ, ನೂರಾರು ಪೀಳಿಗೆಗಳ ಕಾಲ ಒಂದು ಬಾಟಲಿಯನ್ನೂ ಸಾಯಗೊಡದ ಶಿಸ್ತು. ಚಾಮುಂಡಿ ಬೆಟ್ಟದಲ್ಲಿ ಎತ್ತರ, ಋತುಗಳಿಗೆ ತಕ್ಕಂತೆ 20 ಜಾತಿಯ ಡ್ರೊಸೊಫಿಲಗಳ ಸಂಖ್ಯೆ ಹೇಗೆ ಏರಿಳಿಯುತ್ತದೆಂದು ಅಳೆದದ್ದೂ ಇದೇ ಪರಂಪರೆಯ ಕೆಲಸ. ಬೆಟ್ಟ ಊರಿನ ಪಕ್ಕದಲ್ಲೇ ಇದೆ, ನೊಣ ಗುರುತಿಸಬಲ್ಲವರು ವಿಭಾಗದಲ್ಲೇ ಇದ್ದಾರೆ, ಬೇರೇನು ಬೇಕು?

ಒಂದೇ ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ಪರಂಪರೆಯಲ್ಲಿ ಕಪ್ಪೆ ಕಳೆದುಹೋಗಿ ನೊಣ ಉಳಿದದ್ದು ಏಕೆ? ನನಗೆ ತೋರುವ ಉತ್ತರ ಸ್ವಲ್ಪ ವಿಚಿತ್ರ. ಹಸು ಕಟ್ಟಿಕೊಂಡವನು ಬೆಳಗಾದರೆ ಏಳಲೇಬೇಕು. ನೊಣದ ಬಾಟಲಿಯೂ ಅಷ್ಟೆ, ಬದಲಿಸುವುದನ್ನು ಮರೆತರೆ ಸತ್ತು ತೋರಿಸುತ್ತದೆ. ಭರಣಿಯ ಕಪ್ಪೆ ಹಾಗಲ್ಲ. ಸ್ಪಿರಿಟ್ ಆವಿಯಾಗುತ್ತದೆ, ಚೀಟಿಯ ಮಸಿ ಮಾಸುತ್ತದೆ, ಬೀರು ಒಂದು ಕೊಠಡಿಯಿಂದ ಇನ್ನೊಂದಕ್ಕೆ ಸಾಗುತ್ತದೆ, ಇದೆಲ್ಲ ಹತ್ತು ಹದಿನೈದು ವರ್ಷಗಳಲ್ಲಿ ಸದ್ದಿಲ್ಲದೆ ಆಗುತ್ತದೆ. ಗೊತ್ತಾಗುವ ಹೊತ್ತಿಗೆ ಹೊಣೆ ಹೊರಬೇಕಾದವರು ನಿವೃತ್ತರಾಗಿರುತ್ತಾರೆ. ಭರಣಿಗೆ ಹಾಕುವ ರೆಕ್ಟಿಫೈಡ್ ಸ್ಪಿರಿಟ್ಟಿಗೆ ಅಬಕಾರಿ ಇಲಾಖೆಯ ಪರವಾನಗಿ ಬೇಕು ಎಂಬುದೂ ಸೇರಿದರೆ, ಮೇಲ್ದುಂಬುವ ಕೆಲಸ ‘ಮುಂದಿನ ವರ್ಷ ನೋಡೋಣ’ ಎಂಬ ಕಡತಕ್ಕೆ ಹೋಗುವುದು ಸಹಜ. ಜೊತೆಗೆ ನೊಣಕ್ಕೆ ಕೇಳುವವರಿದ್ದರು. ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಟಿ.ಎಚ್. ಮಾರ್ಗನ್ ಬರೀ 16 ಅಡಿಗೆ 23 ಅಡಿಯ ಕೋಣೆಯಲ್ಲಿ ಹಾಲಿನ ಬಾಟಲಿಗಳಲ್ಲಿ ನೊಣ ಸಾಕಿ, 1910ರಲ್ಲಿ ಬಿಳಿಗಣ್ಣಿನ ಗಂಡನ್ನು ಕಂಡ ದಿನಗಳಿಂದಲೂ ಕೇಳಿದವರಿಗೆ ತಳಿ ಕೊಡುವುದು ಆ ಬಳಗದ ಪದ್ಧತಿ. 1934ರಿಂದ ಹೊರಟ ‘ಡ್ರೊಸೊಫಿಲ ಇನ್ಫರ್ಮೇಷನ್ ಸರ್ವಿಸ್’ ಯಾರಲ್ಲಿ ಯಾವ ತಳಿ ಇದೆ ಎಂಬ ಪಟ್ಟಿಯನ್ನು ಎಲ್ಲರಿಗೂ ಮುಟ್ಟಿಸಿತು. ಪಟ್ಟಿ ಇದ್ದರೆ ಕೇಳುವವರು ಇರುತ್ತಾರೆ, ಕೇಳುವವರಿದ್ದರೆ ಇಟ್ಟುಕೊಳ್ಳುವವರು ಎಚ್ಚರವಾಗಿರುತ್ತಾರೆ. ನಮ್ಮ ವಿಭಾಗಗಳ ಮ್ಯೂಸಿಯಂಗಳಲ್ಲಿ ಏನಿದೆ ಎಂಬ ಪಟ್ಟಿ ಎಷ್ಟು ಕಡೆ ಮುದ್ರಣವಾಗಿದೆ?

ಹಣ ಬರುವ ದಾರಿಯೂ ಈ ಮರೆವನ್ನು ಬೆಳೆಸುತ್ತದೆ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2000ದಲ್ಲಿ ಆರಂಭಿಸಿದ ‘ಫಿಸ್ಟ್’ ಯೋಜನೆಯಿಂದ ರಾಜ್ಯ ವಿಶ್ವವಿದ್ಯಾನಿಲಯಗಳ ವಿಭಾಗಗಳಿಗೆ ನಿಜವಾದ ಉಪಕಾರವಾಗಿದೆ. ಅದಿಲ್ಲದೆ ಎಷ್ಟೋ ಕಡೆ ಒಂದು ಒಳ್ಳೆಯ ಮೈಕ್ರೋಸ್ಕೋಪೂ ಇರುತ್ತಿರಲಿಲ್ಲ. ಆದರೆ ಇಂಥ ಅನುದಾನಗಳು ಐದು ವರ್ಷದ ಲೆಕ್ಕದಲ್ಲಿ ಬರುತ್ತವೆ, ಬಹುಪಾಲು ಯಂತ್ರಕ್ಕೇ ಹೋಗುತ್ತವೆ. ವಾರಂಟಿ ಮುಗಿದ ಮೇಲೆ ವಾರ್ಷಿಕ ನಿರ್ವಹಣಾ ಒಪ್ಪಂದಕ್ಕೆ ಹಣವಿಲ್ಲ, ಯುಪಿಎಸ್‌ನ ಬ್ಯಾಟರಿ ಸತ್ತಿದೆ, ಯಂತ್ರ ಬಲ್ಲ ತಂತ್ರಜ್ಞನ ಹುದ್ದೆ ಖಾಲಿ. ಮಾಧ್ಯಮ ಕುದಿಸಿ ಬಾಟಲಿ ತೊಳೆಯುತ್ತಿದ್ದ ಅಟೆಂಡರ್ ನಿವೃತ್ತರಾದ ಮೇಲೆ ಆ ಜಾಗಕ್ಕೆ ಹೊರಗುತ್ತಿಗೆಯ ಹುಡುಗ ಬರುತ್ತಾನೆ. ಕೆಲಸ ಕಲಿಯುವಷ್ಟರಲ್ಲಿ ಅವನ ಗುತ್ತಿಗೆ ಮುಗಿಯುತ್ತದೆ. ಜೀವವಿಜ್ಞಾನದ ಪ್ರಯೋಗಾಲಯದಲ್ಲಿ ಅತ್ಯಂತ ಬೆಲೆಬಾಳುವ ಸಾಧನ ಯಾವುದೆಂದರೆ ಯಾವ ಸ್ಟಾಕ್ ಯಾವ ಬೀರುವಿನಲ್ಲಿದೆ, ಯಾವುದಕ್ಕೆ ಕಳೆದ ಮಳೆಗಾಲ ನುಸಿ ಹಿಡಿದಿತ್ತು ಎಂದು ನೆನಪಿರುವ ಆ ಅಟೆಂಡರ್. ಅವರು ಯಾವ ವರದಿಯ ಯಂತ್ರಪಟ್ಟಿಯಲ್ಲೂ ಇಲ್ಲ.

ಇಷ್ಟು ಹೇಳಿದ ಮೇಲೆ ಬರುವ ಮೊದಲ ಆಕ್ಷೇಪ ಯುವ ಸಂಶೋಧಕರದು. ಇದು ಡಿಎನ್‌ಎ ಕಾಲ, ಭರಣಿ-ಬಾಟಲಿಗಳ ಕಾಲ ಮುಗಿಯಿತು; ಒಂದು ತುಣುಕು ಅಂಗಾಂಶದಿಂದ ಇಡೀ ಜಿನೋಮ್ ಓದಬಹುದಾದಾಗ ಗುಡಾಣವೇಕೆ ಎಂಬುದು. ಇದರಲ್ಲಿ ಅರ್ಧ ಸತ್ಯವಿದೆ. ಯಂತ್ರಗಳಿಲ್ಲದ ವಿಭಾಗ ಇಂದು ವಿದ್ಯಾರ್ಥಿಗಳಿಗೆ ಅನ್ಯಾಯ ಮಾಡುತ್ತದೆ, ಒಪ್ಪಿದೆ. ಆದರೆ ಯಂತ್ರ ಓದುವುದು ಏನನ್ನು? ಜಿನೋಮಿನ ದತ್ತಾಂಶಕ್ಕೆ ‘ಇದು ಇಂಥ ಜಾತಿ’ ಎಂದು ಹೇಳುವ ಧೈರ್ಯ ಬರುವುದು ಮಾದರಿ ಎಲ್ಲೋ ಜೋಪಾನವಾಗಿರುವುದರಿಂದ. ನಾರಾಯಣರಾಯರು ಸಂಗ್ರಹಿಸುವಾಗ ಡಿಎನ್‌ಎಯ ರಚನೆಯೇ ತಿಳಿದಿರಲಿಲ್ಲ. ಆ ಮಾದರಿಗಳು ಇದ್ದಿದ್ದರೆ ಇಂದಿನ ಯಂತ್ರಗಳು ಅವುಗಳಿಂದ ಏನಾದರೂ ಹೊರತೆಗೆಯಲು ಯತ್ನಿಸಬಹುದಿತ್ತು. ಅಲ್ಬೊಮಿಕಾನ್ಸ್‌ನ ಹೊಸದಾಗಿ ಬೆಸೆದ ಲಿಂಗವರ್ಣತಂತುಗಳ ಮೇಲೆ ಇಂದು ಜಿನೋಮ್ ಓದುವವರ ಕಣ್ಣಿದೆ. ನೊಣಗಳನ್ನು ಬಾಟಲಿಯಲ್ಲಿ ಉಳಿಸಿದವರ ಕೆಲಸ ಅದಕ್ಕೆ ಎಷ್ಟೋ ಮುಂಚಿನದು. ಯಂತ್ರ ಹತ್ತು ವರ್ಷಕ್ಕೆ ಹಳತಾಗುತ್ತದೆ. ಮಾದರಿಯ ಬೆಲೆ ಮಾತ್ರ ಹೊಸ ಯಂತ್ರ ಬಂದಂತೆಲ್ಲ ಏರುತ್ತದೆ. ಇನ್ನೊಂದು ಮಾತು: ಯುಜಿಸಿ 2014ರಲ್ಲಿ ಪ್ರಾಣಿಗಳ ಛೇದನವನ್ನು ಪದವಿ ತರಗತಿಗಳಿಂದ ಕೈಬಿಡಲು ಹೇಳಿದ ಮೇಲೆ, ನಿಜವಾದ ಪ್ರಾಣಿದೇಹವನ್ನು ವಿದ್ಯಾರ್ಥಿ ಹತ್ತಿರದಿಂದ ನೋಡುವ ಜಾಗ ಬಹುಮಟ್ಟಿಗೆ ಮ್ಯೂಸಿಯಂ ಒಂದೇ. ಧೂಳು ಹಿಡಿದ ಭರಣಿಗಳಿಗೆ ಪಾಠದ ಕೆಲಸ ಹೊಸದಾಗಿ ಬಂದಿದೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಕಾಪಾಡುವುದು ರಾಷ್ಟ್ರೀಯ ಸಂಸ್ಥೆಗಳ ಕೆಲಸ. ಪ್ರಾಣಿ, ಸಸ್ಯ ಸರ್ವೇಕ್ಷಣೆಗಳು ಇರುವುದೇ ಅದಕ್ಕೆ, ವಿಶ್ವವಿದ್ಯಾನಿಲಯ ಪಾಠ ಹೇಳಲಿ ಎನ್ನುವುದು. ಟೈಪ್ ಮಾದರಿಗಳ ಮಟ್ಟಿಗೆ ನಾನು ಇದನ್ನು ಪೂರ್ತಿ ಒಪ್ಪುತ್ತೇನೆ. 2002ರ ಜೀವವೈವಿಧ್ಯ ಕಾಯಿದೆಯ 39ನೆಯ ಸೆಕ್ಷನ್ ಹೊಸ ಜಾತಿಯನ್ನು ಕಂಡುಹಿಡಿದವರು ಅದರ ಮಾದರಿಯನ್ನು ಗೊತ್ತುಪಡಿಸಿದ ಭಂಡಾರದಲ್ಲಿ ಇಡಬೇಕೆಂದು ಹೇಳುತ್ತದೆ. ಅಂಥ ಕಟ್ಟಳೆ 1937ರಲ್ಲಿದ್ದಿದ್ದರೆ ಇಂದಿನ ನಮ್ಮ ಚರ್ಚೆಯ ಅರ್ಧ ಬೇಕಾಗಿರಲಿಲ್ಲ. ಆದರೆ ಎಲ್ಲವನ್ನೂ ಭಂಡಾರಕ್ಕೆ ದಾಟಿಸಲಾಗದು. ನಸುಟದ ಸೈಟೊರೇಸ್‌ಗಳು ಒಂದು ವಿಭಾಗದ ಒಂದು ಪ್ರಶ್ನೆಯಿಂದ ಹುಟ್ಟಿದವು. ಆ ಪ್ರಶ್ನೆ ಬಲ್ಲವರ ಕೈಯಲ್ಲೇ ಅವಕ್ಕೆ ಅರ್ಥ. ಒಂದು ಜಿಲ್ಲೆಯ ಗಿಡಗಳನ್ನು ಆ ಜಿಲ್ಲೆಗೆ ಹತ್ತಿರದವರೇ ಚೆನ್ನಾಗಿ ಕೂಡಿಡಬಲ್ಲರು ಎಂಬುದಕ್ಕೆ ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿದ್ದ ಸೆಸಿಲ್ ಸಲ್ಡಾನ ಅವರು ಡ್ಯಾನ್ ನಿಕೊಲ್ಸನ್ ಜೊತೆಗೂಡಿ 1976ರಲ್ಲಿ ಹೊರತಂದ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ ಸಾಕ್ಷಿ. ಮಾನಸಗಂಗೋತ್ರಿಯ ಅಂಚಿನಲ್ಲೇ ಇರುವ ಕುಕ್ಕರಹಳ್ಳಿ ಕೆರೆಯ ಪ್ಲವಕಗಳನ್ನು ಕಲ್ಕತ್ತೆಯಿಂದ ಬಂದು ಪ್ರತಿ ತಿಂಗಳೂ ಯಾರೂ ಎಣಿಸುವುದಿಲ್ಲ.

ಮೂರನೆಯದು ಬಡತನದ ಆಕ್ಷೇಪ: ಪಿಂಚಣಿ ಕೊಡಲೇ ಪರದಾಡುವ, ತರಗತಿಗಳನ್ನು ಅತಿಥಿ ಉಪನ್ಯಾಸಕರ ಮೇಲೆ ನಡೆಸುವ ವಿಶ್ವವಿದ್ಯಾನಿಲಯಕ್ಕೆ ಇದೆಲ್ಲ ಐಷಾರಾಮ ಎಂಬುದು. ನನ್ನ ವಾದಕ್ಕೆ ಬಲ ಬರುವುದು ಇಲ್ಲೇ, ಏಕೆಂದರೆ ಕಾಪಾಡುವುದು ಕೊಳ್ಳುವುದಕ್ಕಿಂತ ಅಗ್ಗ. ಅಮೆರಿಕದ ಮಿಷಿಗನ್ ಕೃಷಿ ಕಾಲೇಜಿನ ವಿಲಿಯಂ ಬೀಲ್ 1879ರಲ್ಲಿ ಕಳೆಗಿಡಗಳ ಬೀಜ ಬೆರೆಸಿದ ಮರಳನ್ನು 20 ಬಾಟಲಿಗಳಲ್ಲಿ ತುಂಬಿ ನೆಲದಲ್ಲಿ ಹೂತರು. ಬೀಜ ಎಷ್ಟು ಕಾಲ ಜೀವ ಹಿಡಿದಿರುತ್ತದೆ ಎಂಬುದು ಪ್ರಶ್ನೆ. ಹೂತ ಜಾಗದ ಗುಟ್ಟನ್ನು ಒಂದು ತಲೆಮಾರಿನ ಪ್ರಾಧ್ಯಾಪಕರು ಮುಂದಿನವರಿಗೆ ಒಪ್ಪಿಸುತ್ತ ಬಂದಿದ್ದಾರೆ. 2021ರಲ್ಲಿ ಅಗೆದು ತೆಗೆದ ಬಾಟಲಿಯಲ್ಲೂ ಕೆಲವು ಬೀಜ ಮೊಳೆತವು. ಆ ಕಾಲೇಜು ಮುಂದೆ ವಿಶ್ವವಿದ್ಯಾನಿಲಯವಾಯಿತು; ಅಲ್ಲಿ ಮೂರು ದಶಕ ನೆಲೆಸಿದ ರಿಚರ್ಡ್ ಲೆನ್ಸ್ಕಿಯವರ ಬ್ಯಾಕ್ಟೀರಿಯಾ ಪ್ರಯೋಗ 1988ರಲ್ಲಿ 12 ಫ್ಲಾಸ್ಕ್‌ಗಳಿಂದ ಶುರುವಾದದ್ದು. ದಿನವೂ ಹೊಸ ಫ್ಲಾಸ್ಕಿಗೆ ಬದಲಿಸುವುದು, 500 ಪೀಳಿಗೆಗೊಮ್ಮೆ ಫ್ರೀಜರಿನಲ್ಲಿಡುವುದು, ಇಷ್ಟೇ ದಿನಚರಿ. ಮೂವತ್ತು ಸಾವಿರ ಪೀಳಿಗೆಗಳಾಚೆ ಒಂದು ಫ್ಲಾಸ್ಕಿನವು ಸಿಟ್ರೇಟನ್ನು ಆಹಾರವಾಗಿ ಬಳಸಲು ಕಲಿತದ್ದು ಕಂಡಾಗ, ಅದು ಹೇಗಾಯಿತೆಂದು ತಿಳಿಯಲು ಹಿಂದಿನ ಪೀಳಿಗೆಗಳನ್ನು ಫ್ರೀಜರಿನಿಂದ ತೆಗೆದು ಮತ್ತೆ ಬೆಳೆಸಿದರು. ಅದು ಶ್ರೀಮಂತ ದೇಶ, ಸರಿ. ಆದರೆ ಬೀಲ್ ಅವರ ಖರ್ಚು ಬಾಟಲಿ, ಮರಳು, ಬೀಜ. ನೊಣವನ್ನು ಹೀಗೆ ಹೆಪ್ಪುಗಟ್ಟಿಸಿ ಇಡುವ ವಿಧಾನಗಳು ವರದಿಯಾಗಿದ್ದರೂ ಇನ್ನೂ ದಿನಬಳಕೆಗೆ ಬಂದಿಲ್ಲ. ಆದ್ದರಿಂದ ರವೆ, ಬೆಲ್ಲ, ಕುದಿಸುವ ಕೈ ಬೇಕೇ ಬೇಕು.

ಈ ಖರ್ಚು ಚಿಕ್ಕದು, ಆದರೆ ನಿಲ್ಲದ್ದು. ಚಿಕ್ಕದಾದ ನಿಲ್ಲದ ಖರ್ಚಿಗೆ ಸರ್ಕಾರಿ ಅನುದಾನ ಒಗ್ಗುವುದಿಲ್ಲ, ದತ್ತಿ ಒಗ್ಗುತ್ತದೆ: ಅಸಲು ಮುಟ್ಟದೆ ಬಡ್ಡಿಯಲ್ಲಿ ವರ್ಷ ವರ್ಷವೂ ನಡೆಯತಕ್ಕ ಕೆಲಸ. ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಚಿನ್ನದ ಪದಕಕ್ಕೆ ದತ್ತಿ ಇದೆ, ಉಪನ್ಯಾಸಕ್ಕೆ ಇದೆ (ನಾನು ಇಲ್ಲಿ ನಿಂತಿರುವುದೇ ಅದರಿಂದ), ಒಬ್ಬ ಸ್ಟಾಕ್ ಪಾಲಕನ ಸಂಬಳಕ್ಕೆ ದತ್ತಿ ಇಟ್ಟವರನ್ನು ಕಾಣುವುದು ಅಪರೂಪ. ಪದಕದ ಮೇಲೆ ದಾನಿಯ ಹೆಸರು ಹೊಳೆಯುತ್ತದೆ, ನೊಣದ ಬಾಟಲಿಯ ಮೇಲೆ ಹೊಳೆಯುವುದಿಲ್ಲ ಎಂಬುದು ಕಾರಣವಿದ್ದೀತು. ಸ್ಟಾಕ್ ಪಟ್ಟಿಯ ಪ್ರತಿ ಪುಟದಲ್ಲಿ ಆ ಹೆಸರು ಮುದ್ರಿಸಿದರೆ ಪದಕಕ್ಕಿಂತ ದೂರ ಹೋಗುತ್ತದೆ ಎಂದು ದಾನಿಗಳಿಗೆ ತಿಳಿಸಿ ಹೇಳಬೇಕು.

ಎಲ್ಲವನ್ನೂ ಇಟ್ಟುಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಸಂಗ್ರಹಕ್ಕೂ ಮಿತಿ ಬೇಕು. ಎಲ್ಲಿಂದ, ಯಾವಾಗ, ಯಾರು ತಂದದ್ದೆಂದು ತಿಳಿಯದ ಭರಣಿ ಪಾಠಕ್ಕೆ ಆದೀತು, ಸಂಶೋಧನೆಗಲ್ಲ. ಪ್ರಾಧ್ಯಾಪಕರೊಬ್ಬರು ನಿವೃತ್ತರಾಗುವ ವರ್ಷ ಅವರ ಸ್ಟಾಕು, ಮಾದರಿ, ಕ್ಷೇತ್ರಪುಸ್ತಕಗಳ ಪಟ್ಟಿ ಮಾಡಿ, ವಿಭಾಗದಲ್ಲೇ ಉಳಿಯುವುದು ಯಾವುದು, ಭಂಡಾರಕ್ಕೆ ಹೋಗುವುದು ಯಾವುದು, ಬಿಡುವುದು ಯಾವುದು ಎಂದು ವಿಭಾಗದ ಸಭೆ ಬರೆದಿಟ್ಟು ಸಹಿ ಹಾಕಬೇಕು. ಕೊಠಡಿಯ ಬೀಗದ ಕೈಯನ್ನು ಲಿಖಿತವಾಗಿ ಒಪ್ಪಿಸಿಕೊಳ್ಳುವ ಕಚೇರಿಗೆ ಇದು ಹೊಸ ಹೊರೆಯಲ್ಲ. ನ್ಯಾಕ್ ವರದಿಯ ಯಂತ್ರಗಳ ಪಟ್ಟಿಯ ಪಕ್ಕದಲ್ಲಿ ಆ ಪಟ್ಟಿಯನ್ನೂ ಲಗತ್ತಿಸಿ, ಕಳೆದ ಐದು ವರ್ಷಗಳಲ್ಲಿ ಏನು ಸತ್ತಿತು, ಏನು ಉಳಿಯಿತು, ಯಾರು ಕೇಳಿದರು, ಯಾರಿಗೆ ಕೊಟ್ಟೆವು ಎಂದು ಬರೆಯುವುದನ್ನು ಕಡ್ಡಾಯ ಮಾಡಲು ಹೊಸ ಕಾಯಿದೆ ಬೇಡ, ವಿದ್ಯಾವಿಷಯಕ ಪರಿಷತ್ತಿನ ಒಂದು ನಿರ್ಣಯ ಸಾಕು.